ಇಸೊಬೆಲ್ ಯಾರ ಮಗಳು?

ಸ್ವೀಡನ್ನಿನಿಂದ ತಿರುಗಿ ಬಂದ ಮೇಲೆ ನಮ್ಮ ಓಣಿಯ ಹೆಂಗಸರು ಕೇಳಿದ್ದು ಚಳಿಯ ಬಗ್ಗೆ ಮತ್ತು ಊಟದ ಬಗ್ಗೆ. ಚಳಿ ಇತ್ತು, ಊಟ ಸಪ್ಪೆ. ಇಷ್ಟಕ್ಕೆ ಅವರಿಗೆ ಸಮಾಧಾನವಾಯಿತು. ಆದರೆ ನಾನು ಅಲ್ಲಿಗೆ ಊರು ನೋಡಲು ಹೋದವಳಲ್ಲ. ಒಂದು ಕಲ್ಲಿನ ಮೇಲೆ ಒಬ್ಬ ಮನುಷ್ಯನ ಹೆಸರು ಬರದಂತೆ ತಡೆಯಲು ಹೋದವಳು. ಕಲ್ಲು ನನ್ನ ತಂಗಿ ರೇಷ್ಮಾಳ ಗೋರಿಯದು. ಹೆಸರು ನಮ್ಮಪ್ಪನದು.

ನಾವು ಹಾವೇರಿಯವರು. ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಮುಸಲ್ಮಾನರಾದರೂ ನಮ್ಮ ಮನೆಮಾತು ಕನ್ನಡವೇ. ರೇಷ್ಮಾ ಇನ್ನೂ ಅವ್ವನ ಹೊಟ್ಟೆಯಲ್ಲಿದ್ದಾಗ ಅಪ್ಪ ಹಿಂಜುವ ಬಿಲ್ಲು ಹೊತ್ತು ಗೋವಾ ಕಡೆ ಹೋಗಿದ್ದ. ತಿರುಗಿ ಬಂದವನು ಅವ್ವನನ್ನು ನೋಡಿ, ಬೆರಳು ಮಡಚಿ ಲೆಕ್ಕ ಹಾಕಿ, ‘ಇದು ನನ್ನದಲ್ಲ’ ಅಂದ. ಮನೆಯೊಳಗೆ ಅಂದಿದ್ದರೆ ಗೋಡೆಗಳಷ್ಟೇ ಕೇಳುತ್ತಿದ್ದವು. ಹೊರಗೆ ನಿಂತು ಅಂದ. ಆಮೇಲೆ ಹುಬ್ಬಳ್ಳಿಗೆ ಹೋಗಿ ಇನ್ನೊಂದು ಮದುವೆ ಮಾಡಿಕೊಂಡ. ಅವನು ಅಂದದ್ದು ಸುಳ್ಳೆಂದು ಓಣಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಬಿಟ್ಟು ಹೋಗಲು ಒಂದು ನೆವ ಬೇಕಿತ್ತು. ಆ ನೆವ ನನ್ನ ತಂಗಿ ಆದಳು.

ಅವ್ವ ಗಾದಿ ಹೊಲಿದು ನಮ್ಮಿಬ್ಬರನ್ನು ಸಾಕಿದಳು. ನಾನು ಪಿಯುಸಿಗೆ ನಿಲ್ಲಿಸಿ ಅವ್ವನ ಜೊತೆ ಸೂಜಿ ಹಿಡಿದೆ. ರೇಷ್ಮಾ ಓದಿದಳು. ಎಂಜಿನಿಯರ್ ಆದಳು. ಬೆಂಗಳೂರಿನ ಇಮ್ತಿಯಾಜ್‌ನನ್ನು ಮದುವೆಯಾಗಿ, ಇಬ್ಬರೂ ಸ್ವೀಡನ್ನಿನ ಎಸ್ಕಿಲ್‌ಸ್ಟುನಾ ಎಂಬ ಊರಿನಲ್ಲಿ ಮಣ್ಣು ಅಗೆಯುವ ಯಂತ್ರಗಳ ಕಾರ್ಖಾನೆಗೆ ಸೇರಿದರು. ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಕೆಲಸದ ಜಾಗದಲ್ಲಿ ತಲೆನೋವು ಅಂದವಳು ಸಂಜೆಗೆ ಇರಲಿಲ್ಲ. ಮಿದುಳಿನ ನರ ಒಡೆದಿತ್ತಂತೆ. ನನ್ನ ವೀಸಾ ಬರುವ ಮೊದಲೇ ಮಣ್ಣು ಮಾಡಿದರು. ನಾನು ಹಾವೇರಿಯಲ್ಲಿ ಕೂತು ಫೋನಿನಲ್ಲಿ ಮಣ್ಣು ಬೀಳುವುದನ್ನು ನೋಡಿದೆ. ನಡುವೆ ಚಿತ್ರ ನಿಂತುಹೋಯಿತು.

ವಸಂತದಲ್ಲಿ ಇಮ್ತಿಯಾಜ್ ಫೋನ್ ಮಾಡಿದ. ‘ಅಕ್ಕ, ಕಲ್ಲು ಹಾಕಿಸ್ಬೇಕು. ನಿಮ್ಮ ಅಪ್ಪ ಪ್ರತಿ ಶುಕ್ರವಾರ ಫೋನ್ ಮಾಡ್ತಿದ್ದಾರೆ. ಇಂಥವರ ಮಗಳು ಅಂತ ಬರೆಸ್ಬೇಕು, ನನ್ನ ಹೆಸರು ಹಾಕಿಸು ಅಂತಾರೆ. ಇಲ್ಲಿ ಮಸೀದಿಯವರೂ ಅದೇ ಪದ್ಧತಿ ಅಂದ್ರು.’

ಶಾಲೆಯ ಕಾಗದಗಳಲ್ಲಿ, ಪಾಸ್‌ಪೋರ್ಟಿನಲ್ಲಿ ಅವನ ಹೆಸರು ಇತ್ತು. ಬೇಕೇಬೇಕು ಅಂತ ಕಚೇರಿಯವರು ಕೇಳಿದರು, ಅವ್ವ ಹಲ್ಲು ಕಚ್ಚಿ ಬರೆಸಿದಳು. ಕಲ್ಲಿಗೆ ಯಾವ ಕಚೇರಿಯೂ ಕೇಳಿರಲಿಲ್ಲ. ‘ನಾ ಬರೂತನಕ ಒಂದಕ್ಷರನೂ ಕೆತ್ತಸಬ್ಯಾಡ’ ಅಂದೆ.

ಸೋಲ್ನಾ

ಆಯಿಷಾಳಿಗೆ, ಅಂದರೆ ರೇಷ್ಮಾಳ ಮಗಳಿಗೆ, ಜ್ವರ ಬಂದಿತ್ತು. ಇಮ್ತಿಯಾಜ್‌ಗೆ ವಿಮಾನ ನಿಲ್ದಾಣಕ್ಕೆ ಬರಲಾಗಲಿಲ್ಲ. ರೇಷ್ಮಾಳ ಗೆಳತಿ, ಬೆಂಗಳೂರಿನ ವಿದ್ಯಾ ಬಂದಿದ್ದಳು. ಅವಳ ಮನೆ ಸ್ಟಾಕ್‌ಹೋಮಿನ ಪಕ್ಕದ ಸೋಲ್ನಾದಲ್ಲಿ. ಅಂದು ರಾತ್ರಿ ಅಲ್ಲೇ ಉಳಿಯುವುದೆಂದು ಆಗಿತ್ತು.

ಆಯಿಷಾಳಿಗೆಂದು ನಾನೇ ಹೊಲಿದ ಕೌದಿ ಚೀಲದಲ್ಲಿತ್ತು. ನಿಲ್ದಾಣದ ತಪಾಸಣೆಯವನು ಅದನ್ನು ಯಂತ್ರದೊಳಗೆ ಒಮ್ಮೆ ಕಳಿಸಿದ, ಮತ್ತೊಮ್ಮೆ ಕಳಿಸಿದ, ಕೈಯಿಂದ ಹಿಸುಕಿ ನೋಡಿದ. ಒಳಗೆ ಏನಿದೆ ಅಂತ ಕೇಳಿದನೆಂದು ಕಾಣುತ್ತದೆ. ‘ಹಳೇ ಸೀರೆ’ ಅಂದೆ. ಅವನು ನಕ್ಕು ‘ಥ್ಯಾಂಕ್ ಯೂ’ ಅಂದ. ಹಿಸುಕಿದವನೂ ಅವನೇ, ಥ್ಯಾಂಕ್ ಯೂ ಅನ್ನುವವನೂ ಅವನೇ. ಆ ದೇಶದಲ್ಲಿ ನನಗೆ ಸಿಟ್ಟು ಬರಲು ಶುರುವಾದದ್ದು ಅಲ್ಲಿಂದ.

ರೈಲಿನಲ್ಲಿ ವಿದ್ಯಾ ರೇಷ್ಮಾಳ ಹೆಸರು ಎತ್ತಿದ್ದೇ ತಡ, ನನಗೆ ಅಳು ಬಂತು. ನಾನು ಸದ್ದು ಮಾಡದೆ ಅಳುವವಳು. ಅಂದು ಮಾತ್ರ ಸದ್ದಾಯಿತು. ಎದುರಿಗೆ ಕೂತಿದ್ದ ಹೆಂಗಸು ತನ್ನ ಚೀಲ ಎತ್ತಿಕೊಂಡು ಇನ್ನೊಂದು ಸಾಲಿಗೆ ಹೋಗಿ ಕೂತಳು. ಉಳಿದವರು ಕಿಟಕಿ ನೋಡಿದರು. ನಮ್ಮ ಬಸ್ಸಿನಲ್ಲಿ ಒಬ್ಬಳು ಹೀಗೆ ಅತ್ತಿದ್ದರೆ, ಯಾಕವ್ವ, ಎಲ್ಲಿಯವಳು, ಗಂಡ ಹೊಡೆದನೇನು ಎಂದು ಕೇಳಿ, ನೀರು ಕುಡಿಸಿ, ಮುಂದಿನ ನಿಲ್ದಾಣದ ಹೊತ್ತಿಗೆ ಅಳುವುದನ್ನೇ ಮರೆಸುತ್ತಿದ್ದರು.

‘ಅವ್ಳು ಎದ್ದು ಹೋಗಿದ್ದು ರೆಸ್ಪೆಕ್ಟಿಗೆ ಅಕ್ಕ’ ಅಂದಳು ವಿದ್ಯಾ. ‘ನಿಮಗೆ ಸ್ಪೇಸ್ ಕೊಟ್ಳು. ಇಲ್ಲಿ ಹಾಗೇ.’

‘ನನಗ ಜಾಗ ಬೇಕು ಅಂತ ಆಕಿಗೆ ಯಾರು ಹೇಳಿದ್ರು?’ ಅಂದೆ.

ಊಟಕ್ಕೆ ವಿದ್ಯಾ ಅನ್ನ ಸಾರು ಮಾಡಿದಳು. ಬಡಿಸುತ್ತಾ, ‘ನಿಮ್ಮ ತಂಗಿ ಶನಿವಾರ ಬಂದ್ರೆ ಇದೇ ಕುರ್ಚೀಲಿ ಕೂತು ಒಂದೇ ವರಾತ. ಇಸೊಬೆಲ್, ಇಸೊಬೆಲ್. ನಮ್ಮೆಜಮಾನ್ರು ಇಸೊಬೆಲ್‌ಗೂ ಒಂದು ತಟ್ಟೆ ಹಾಕು ಅಂತ ರೇಗಿಸ್ತಿದ್ರು’ ಅಂದಳು.

‘ಯಾರಕಿ?’

ವಿದ್ಯಾಳ ಕೈ ಸೌಟಿನೊಂದಿಗೆ ಅಲ್ಲೇ ನಿಂತಿತು. ‘ನಿಮಗೆ ಹೇಳಿಲ್ವಾ?’

ನನಗೆ ಹೇಳಿರಲಿಲ್ಲ. ಸಾರಿಗೆ ಯಾವ ಬೇಳೆ ಹಾಕಿದೆ ಅನ್ನುವುದನ್ನೂ ಫೋನಿನಲ್ಲಿ ಹೇಳುತ್ತಿದ್ದ ತಂಗಿ ಇದನ್ನು ಹೇಳಿರಲಿಲ್ಲ. ವಿದ್ಯಾ ಹೇಳಿದ್ದು ಇಷ್ಟು. ಹಿಂದೆ, ಕೋಟೆ ಕುದುರೆಗಳ ಕಾಲದಲ್ಲಿ, ಸ್ಕಾಟ್ಲೆಂಡಿನಿಂದ ಇಸೊಬೆಲ್ ಎಂಬ ದೊಡ್ಡ ಮನೆತನದ ಹೆಣ್ಣುಮಗಳು ಒಬ್ಬ ಸ್ವೀಡಿಷ್ ಸರದಾರನನ್ನು ಮದುವೆಯಾಗಿ ಬಂದಳು. ಅವಳ ಗೋರಿ ಎಸ್ಕಿಲ್‌ಸ್ಟುನಾದ ಹೊರಗೆ ಒಂದು ಹಳ್ಳಿಯ ಚರ್ಚಿನಲ್ಲಿದೆ. ತಾಯಿ ಯಾರೆಂದು ಗೊತ್ತು. ತಂದೆ ಸ್ಕಾಟ್ಲೆಂಡಿನ ದೊರೆಯೇ ಹೌದೋ ಅಲ್ಲವೋ ಎಂದು ಓದಿದವರು ಇಂದಿಗೂ ಜಗಳಾಡುತ್ತಾರೆ. ಆ ಜಗಳದಲ್ಲಿ ನನ್ನ ತಂಗಿಯೂ ಒಬ್ಬಳು.

‘ಸತ್ತು ಇಷ್ಟು ಕಾಲ ಆದಾಕಿ. ಅಪ್ಪ ಯಾರಾದ್ರೇನು?’ ಅಂದೆ.

‘ನಾನೂ ಅದನ್ನೇ ಕೇಳ್ತಿದ್ದೆ ಅಕ್ಕ. ಒಂದ್ಸಲ ಅರ್ಧ ಊಟಕ್ಕೆ ಎದ್ದು ಹೋಗಿಬಿಟ್ಲು.’

ಎಸ್ಕಿಲ್‌ಸ್ಟುನಾ

ಇಮ್ತಿಯಾಜ್ ಬಾಗಿಲು ತೆರೆದಾಗ ಗಡ್ಡದಲ್ಲಿ ಬಿಳಿ ಕೂದಲು ಕಂಡವು. ಅವನ ಮನೆಮಾತು ಉರ್ದು. ನನ್ನ ಉರ್ದು ಕೇಳಿದರೆ ಅವನಿಗೆ ಮೊದಲಿನಿಂದಲೂ ನಗು. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ಎಂಟು ವರ್ಷದ ಆಯಿಷಾ ನನ್ನನ್ನು ‘ದೊಡ್ಡಮ್ಮ’ ಅಂದು ತಬ್ಬಿಕೊಂಡಳು. ಆಮೇಲೆ ನಾನು ಏನು ಕೇಳಿದರೂ ಸ್ವೀಡಿಷ್‌ನಲ್ಲೋ ಇಂಗ್ಲಿಷ್‌ನಲ್ಲೋ ಉತ್ತರ ಕೊಟ್ಟಳು. ಹೊಟ್ಟೆ ಹಸಿದಾಗ ಮಾತ್ರ ಕನ್ನಡ ಬರುತ್ತಿತ್ತು. ಕನ್ನಡದಲ್ಲಿ ಕೇಳಿದರೇ ಊಟ ಅನ್ನುವುದು ನನ್ನ ತಂಗಿಯ ಜಾಣತನ ಇರಬೇಕು.

ರೇಷ್ಮಾಳ ಬಟ್ಟೆಗಳು ಬೀರುವಿನಲ್ಲಿ ಹಾಗೇ ಇದ್ದವು. ಕೆಲವು ಒಗೆಯದೆ ಬುಟ್ಟಿಯಲ್ಲಿದ್ದವು. ಅಪ್ಪ ಮಗಳು ಹೊರಗೆ ಹೋದಾಗ ಅವನ್ನು ಎತ್ತಿಕೊಂಡು ನೆಲಮಾಳಿಗೆಗೆ ಇಳಿದೆ. ಆ ಕಟ್ಟಡದಲ್ಲಿ ಎಲ್ಲರಿಗೂ ಸೇರಿ ಒಂದೇ ಬಟ್ಟೆ ಒಗೆಯುವ ಕೋಣೆ. ಗುಂಡಿ ಒತ್ತಲು ನನಗೂ ಬರುತ್ತದೆ. ಯಂತ್ರ ತಿರುಗಲು ಬಿಟ್ಟು ಮೇಲೆ ಬಂದು ಅತ್ತೆ. ಇಳಿದು ಹೋಗಿ ನೋಡಿದರೆ ಯಂತ್ರದಲ್ಲಿ ಬೇರೆ ಯಾರದೋ ಬಟ್ಟೆ ತಿರುಗುತ್ತಿತ್ತು. ನನ್ನ ತಂಗಿಯ ಕುರ್ತಾಗಳು ಒದ್ದೆಯಾಗಿಯೇ, ನೀಟಾಗಿ ಮಡಚಿ, ಒಂದು ನೀಲಿ ಚೀಲದಲ್ಲಿದ್ದವು. ಚೀಲಕ್ಕೆ ಒಂದು ಚೀಟಿ ಅಂಟಿಸಿತ್ತು.

ಆಯಿಷಾ ಓದಿ, ನನಗಾಗಿ ಕನ್ನಡದಲ್ಲೇ ಹೇಳಿದಳು. ‘ಇದು ನಿಮ್ ಟೈಮ್ ಅಲ್ಲ ಅಂತೆ. ಬೋರ್ಡಲ್ಲಿ ಬುಕ್ ಮಾಡ್ಬೇಕು ಅಂತೆ. ಎಲ್ಲಾರೂ ರೂಲ್ಸ್ ಫಾಲೋ ಮಾಡಿದ್ರೆ ಎಲ್ಲಾರಿಗೂ ಖುಷಿ ಅಂತೆ. ಸ್ಮೈಲಿ ಹಾಕಿದಾರೆ ದೊಡ್ಡಮ್ಮ.’

ನಮ್ಮ ಓಣಿಯ ನಲ್ಲಿಯ ಹತ್ತಿರ ಸರದಿ ತಪ್ಪಿದರೆ ಕೊಡ ಎತ್ತಿ ಬಿಸಾಡುತ್ತಾರೆ, ಏಳು ತಲೆಮಾರನ್ನು ಎಳೆದು ತರುತ್ತಾರೆ. ಆದರೆ ಬೈದವಳ ಮುಖ ಕಾಣುತ್ತದೆ. ಸಂಜೆ ಅವಳೇ ಮೊಸರು ಕೇಳಿಕೊಂಡು ಬರುತ್ತಾಳೆ. ಇಲ್ಲಿ ಬೈದವರು ಯಾರೆಂದು ಗೊತ್ತಿಲ್ಲ. ನಗುವ ಮುಖ ಬರೆದು ಬೈದಿದ್ದಾರೆ. ಸತ್ತವಳ ಬಟ್ಟೆ ಮುಟ್ಟಿದ್ದಾರೆ. ಅದು ಅವರಿಗೆ ಗೊತ್ತಿರಲಿಲ್ಲ ಅನ್ನುವುದು ನನಗೂ ಗೊತ್ತು. ಆದರೂ ಒಂದೊಂದೇ ಬಾಗಿಲು ಬಡಿದು ‘ಯಾರದು ಹೊರಗೆ ಬರ್ರಿ’ ಅನ್ನಬೇಕೆನಿಸಿತು. ಇಮ್ತಿಯಾಜ್ ಮೆಟ್ಟಿಲಿಗೆ ಅಡ್ಡ ನಿಂತ.

‘ಅಕ್ಕ, ಪ್ಲೀಸ್. ನಾವು ಇಲ್ಲೇ ಇರ್ಬೇಕಾದೋರು.’

ಆ ಸಿಟ್ಟಿನಲ್ಲೇ ಅಡುಗೆ ಮನೆಯಲ್ಲಿ ಕಲ್ಲಿನ ಮಾತು ಬಂತು.

‘ಅವರು ವಯಸ್ಸಾದೋರು ಅಕ್ಕ. ಫೋನಲ್ಲಿ ಅಳ್ತಾರೆ.’

‘ಅಳಲಿ. ಅವ್ವ ಅತ್ತಾಗ ಅಂವ ಎಲ್ಲಿದ್ದ?’

‘ನಾನು ಪ್ರಾಮಿಸ್ ಮಾಡಿಲ್ಲ. ಅಕ್ಕನ್ನ ಕೇಳ್ತೀನಿ ಅಂದೆ, ಅಷ್ಟೇ.’

‘ಕೇಳಿದೆಲ್ಲ? ಒಲ್ಲೆ. ಅವ್ವನ ಹೆಸರು ಹಾಕಿ ಇಮಾಂಬಿಯ ಮಗಳು ಅಂತ ಬರಸು. ಹುಸೇನಸಾಬನ ಹೆಸರು ಬ್ಯಾಡ.’

ಅವನು ಟೀ ಲೋಟ ಪಕ್ಕಕ್ಕೆ ಸರಿಸಿದ. ‘ನೀವು ಹೂಂ ಅನ್ನದೆ ನಾನು ಕೆತ್ತಿಸಲ್ಲ. ನೀವೇ ಅವಳನ್ನ ಬೆಳೆಸಿದ್ದು. ಆದ್ರೆ ಒಂದ್ಸಲ ಆ ಚರ್ಚಿಗೆ ಬನ್ನಿ. ಆಮೇಲೆ ಏನು ಹೇಳಿದ್ರೂ ಸರಿ.’

ಇಸೊಬೆಲ್‌ಳ ಚರ್ಚು

ಹೊಲಗಳ ನಡುವೆ ಸುಣ್ಣ ಬಳಿದ ಸಣ್ಣ ಚರ್ಚು. ಹಿಮ ಕರಗಿತ್ತು, ಹುಲ್ಲು ಇನ್ನೂ ಬಂದಿರಲಿಲ್ಲ. ಬಾಗಿಲ ಬಳಿ ಲೆನ್ನಾರ್ಟ್ ಕಾಯುತ್ತಿದ್ದ. ನಿವೃತ್ತ ಮೇಷ್ಟ್ರು, ಆ ಊರಿನ ಇತಿಹಾಸ ಸಂಘದವನು, ತಾತನ ವಯಸ್ಸು. ಆದರೂ ಆಯಿಷಾ ಅವನನ್ನು ‘ಲೆನ್ನಾರ್ಟ್’ ಅಂತಲೇ ಕರೆದಳು. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ರೇಷ್ಮಾ ಮಾತ್ರ ‘ಲೆನ್ನಾರ್ಟ್ ಕಾಕಾ’ ಅನ್ನುತ್ತಿದ್ದಳಂತೆ. ಅದನ್ನು ಹೇಳುವಾಗ ಅವನು ಕನ್ನಡಕ ತೆಗೆದು ಒರೆಸಿದ. ಅವನು ಹೇಳಿದ್ದನ್ನೆಲ್ಲ ಇಮ್ತಿಯಾಜ್ ನನಗೆ ಕನ್ನಡದಲ್ಲಿ ಹೇಳುತ್ತಿದ್ದ.

ಒಳಗೆ ಕಾಲಿಡುವಾಗ ನಾನು ಚಪ್ಪಲಿ ಬಿಟ್ಟೆ. ಈ ಜನ ಮನೆಯೊಳಗೆ ನಮ್ಮ ಹಾಗೆಯೇ ಬೂಟು ಬಿಡುತ್ತಾರೆ, ದೇವರ ಮನೆಗೆ ಬೂಟು ಹಾಕಿಕೊಂಡು ಹೋಗುತ್ತಾರೆ.

‘ಕಾಲು ಚಳಿಗೆ ಮರಗಟ್ಟುತ್ತದೆ, ಹಾಕಿಕೊಳ್ಳಿ’ ಅಂದ ಲೆನ್ನಾರ್ಟ್. ಆಮೇಲೆ ನಕ್ಕ. ‘ನಿಮ್ಮ ತಂಗಿಗೂ ಇದನ್ನೇ ಹೇಳುತ್ತಿದ್ದೆ. ಅವಳೂ ಕೇಳಲಿಲ್ಲ.’

ಇಸೊಬೆಲ್ ನೆಲದಲ್ಲಿದ್ದಳು. ಬಾಗಿಲಿಗೆ ಹತ್ತಿರದಲ್ಲಿ ಒಂದು ಉದ್ದ ಕಲ್ಲುಚಪ್ಪಡಿ. ಅದರ ಮೇಲೆ ಎರಡು ಗುರಾಣಿಗಳನ್ನು ಕೆತ್ತಿದ್ದರು. ಆ ಕಾಲದಲ್ಲಿ ದೊಡ್ಡ ಮನೆತನದ ಹೆಂಗಸು ಸತ್ತರೆ ಹೀಗೆ ತಂದೆಯ ಮನೆತನದ ಗುರುತು ಒಂದು ಕಡೆ, ತಾಯಿಯ ಮನೆತನದ ಗುರುತು ಇನ್ನೊಂದು ಕಡೆ ಹಾಕುತ್ತಿದ್ದರಂತೆ. ತಾಯಿಯ ಗುರಾಣಿಯಲ್ಲಿ ಮೂರು ಮೀನು ಸ್ಪಷ್ಟವಾಗಿ ಕಾಣುತ್ತಿದ್ದವು. ತಂದೆಯ ಗುರಾಣಿ ನುಣ್ಣಗಿತ್ತು. ಏನೂ ಇರಲಿಲ್ಲ.

ಲೆನ್ನಾರ್ಟ್ ಮೊಣಕಾಲೂರಿ, ಟಾರ್ಚನ್ನು ನೆಲಕ್ಕೆ ಅಡ್ಡ ಹಿಡಿದು ತೋರಿಸಿದ. ‘ಇಲ್ಲಿ ನೋಡಿ, ಉಳಿಯ ಗೀರು. ಯಾರೋ ಇದನ್ನು ಕೆತ್ತಿ ತೆಗೆದಿದ್ದಾರೆ. ದೊರೆಯ ಗುರುತನ್ನು ಇವಳು ಸುಳ್ಳೇ ಹಾಕಿಸಿಕೊಂಡಿದ್ದಳು, ದೊರೆಯ ಕಡೆಯವರು ಬಂದು ತೆಗೆಸಿದರು. ಇದು ನನ್ನ ವಾದ. ನಿಮ್ಮ ತಂಗಿ ಇಲ್ಲ ಅನ್ನುತ್ತಿದ್ದಳು. ಬಾಗಿಲ ಕಡೆಯ ಪಕ್ಕ ಇದು, ಜನರ ಕಾಲಿಗೆ ಸಿಕ್ಕಿ ಸವೆದಿದೆ ಅನ್ನುತ್ತಿದ್ದಳು. ಬರಿಗಾಲಲ್ಲಿ ನಿಂತು ಹೆಬ್ಬೆರಳಿನಿಂದ ತಡವಿ ನೋಡುತ್ತಿದ್ದಳು.’

‘ಅಂದ್ರ ಆಕಿ ದೊರೆ ಮಗಳು ಹೌದು ಅಂತಿದ್ದಳೇನು?’ ಅಂದೆ.

‘ಹೌದು ಅಂತ ಹಟ ಹಿಡಿದಿದ್ದಳು.’

ನನಗೆ ತಲೆಯಲ್ಲಿ ಏನೋ ಕಳಚಿದ ಹಾಗಾಯಿತು. ಅಷ್ಟು ಹೊತ್ತೂ ನಾನು ಬೇರೆಯೇ ಅಂದುಕೊಂಡಿದ್ದೆ. ನನ್ನ ತಂಗಿ ಆ ಮೂರು ಮೀನಿನ ತಾಯಿಯ ಕಡೆ ನಿಂತಿರುತ್ತಾಳೆ, ಅಪ್ಪ ಯಾರಾದರೇನು ಅಂತ ಇವರಿಗೆ ಬುದ್ಧಿ ಹೇಳಿರುತ್ತಾಳೆ ಅಂತ ಅಂದುಕೊಂಡಿದ್ದೆ.

ಹಿಂದಿನ ಬೆಂಚಿನ ಮೇಲೆ ಲೆನ್ನಾರ್ಟ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ದಾಲ್ಚಿನ್ನಿ ಬನ್ನು ಕೊಟ್ಟ. ಅವರಲ್ಲಿ ಜಗಳವಾದರೂ ಕಾಫಿ ಬನ್ನು ತಪ್ಪುವುದಿಲ್ಲ. ಅದಕ್ಕೆ ಫೀಕಾ ಅನ್ನುತ್ತಾರೆ. ಅವನು ರೇಷ್ಮಾಳ ವಾದವನ್ನು ಹೇಳಿದ.

ಒಬ್ಬ ಪಾದ್ರಿ ಆ ಕಾಲದಲ್ಲಿ ಬರೆದಿಟ್ಟ ಎರಡು ಸಾಲು ಎಲ್ಲರಿಗೂ ಗೊತ್ತಿರುವುದೇ. ಇಸೊಬೆಲ್ ಚೊಚ್ಚಲ ಬಸುರಿಯಾಗಿದ್ದಾಗ ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋದಳು. ಮೊದಲು ದೊರೆಯ ಕೋಟೆಗೆ ಹೋಗಿ ಒಂದು ರಾತ್ರಿ ಇದ್ದಳು. ಮಗು ಹುಟ್ಟಿದ್ದು ಅಲ್ಲಲ್ಲ, ತಾಯಿಯ ಕಡೆಯವರ ಊರಿನಲ್ಲಿ. ಲೆನ್ನಾರ್ಟ್ ಮತ್ತು ಅವನ ಸಂಘದವರು ಅನ್ನುವುದು, ದೊರೆ ಅವಳನ್ನು ಇಟ್ಟುಕೊಳ್ಳಲಿಲ್ಲ, ಆದ್ದರಿಂದ ಅವನ ಮಗಳಲ್ಲ.

‘ರೇಷ್ಮಾ ಸಭೆಯಲ್ಲಿ ಎದ್ದು ನಿಂತು ಹೇಳಿದಳು’ ಅಂದ ಲೆನ್ನಾರ್ಟ್. ‘ಹೆರಿಗೆಗೆ ಹೆಣ್ಣು ತವರಿಗಲ್ಲದೆ ಬೇರೆ ಯಾರ ಬಾಗಿಲಿಗೂ ಹೋಗುವುದಿಲ್ಲ. ಇಟ್ಟುಕೊಂಡರೋ ಬಿಟ್ಟರೋ ಅದು ಬೇರೆ ಮಾತು. ಹೋದಳಲ್ಲ, ಅದೇ ಸಾಕ್ಷಿ ಅಂದಳು. ನಾವೆಲ್ಲ ನಕ್ಕೆವು. ಕೆಟ್ಟದಾಗಿ ನಗಲಿಲ್ಲ. ನಮ್ಮಲ್ಲಿ ಆ ಪದ್ಧತಿ ಇರಲೇ ಇಲ್ಲ. ಇಲ್ಲಿಯ ಹೆಂಗಸರು ಗಂಡನ ಮನೆಯಲ್ಲೇ ಹೆರುತ್ತಿದ್ದರು. ನಿಮ್ಮೂರಿನ ಪದ್ಧತಿಯನ್ನು ತಂದು ಇಸೊಬೆಲ್‌ಗೆ ಉಡಿಸಿದ್ದೀಯ ಅಂತ ನಾನೇ ಹೇಳಿದೆ.’

‘ಅದಕ್ಕ ಏನಂದ್ಲು?’

‘ಹಾಗಾದರೆ ತುಂಬಿದ ಬಸುರಿ ಸಮುದ್ರ ದಾಟಿ ಯಾಕೆ ಹೋದಳು, ನೀವೇ ಹೇಳಿ ಅಂದಳು. ನಮ್ಮ ಬಳಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆದರೆ ಅವಳು ಹೇಳಿದ್ದು ತಪ್ಪೇ.’

ತಪ್ಪೇ ಇರಬಹುದು. ಅವನು ಓದಿದವನು, ನಾನಲ್ಲ. ಸ್ಕಾಟ್ಲೆಂಡಿನ ಹೆಣ್ಣಿಗೆ ಸೀಮಂತ, ಬಾಣಂತನ, ತವರು ಎಲ್ಲ ಹಚ್ಚುವುದು ನಮ್ಮ ಕಡೆಯವಳು ಮಾತ್ರ ಮಾಡುವ ತಪ್ಪು. ಆದರೆ ನನ್ನ ತಂಗಿಯನ್ನು ಮಧ್ಯದಲ್ಲಿ ನಿಲ್ಲಿಸಿ ಸುತ್ತ ಕೂತು ನಕ್ಕವರು, ಆಮೇಲೆ ಕಾಫಿ ಕೊಟ್ಟಿರುತ್ತಾರೆ, ಬನ್ನು ಕೊಟ್ಟಿರುತ್ತಾರೆ. ನನ್ನ ಬನ್ನನ್ನು ಬೆಂಚಿನ ಮೇಲಿಟ್ಟೆ. ಲೆನ್ನಾರ್ಟ್ ಕೈ ಚಾಚಿದಾಗ ಮುಟ್ಟಲಿಲ್ಲ. ಅವನು ಕೆಟ್ಟವನಲ್ಲ. ಅಂದು ನನಗೆ ಒಳ್ಳೆಯವರ ಮೇಲೇ ಹೆಚ್ಚು ಸಿಟ್ಟಿತ್ತು.

ಹಿಂದಿರುಗುವ ದಾರಿ

ಕಾರಿನಲ್ಲಿ ಆಯಿಷಾ ನಿದ್ದೆ ಹೋದಳು. ಇಮ್ತಿಯಾಜ್ ರಸ್ತೆ ನೋಡುತ್ತಲೇ ಹೇಳಿದ.

‘ಅಕ್ಕ, ನಿಮಗೆ ಹೇಳ್ಬೇಡ ಅಂದಿದ್ಲು. ಈಗ ಹೇಳ್ತೀನಿ. ಆಯಿಷಾ ಹುಟ್ಟೋ ಮುಂಚೆ ಹೆರಿಗೆಗೆ ಹಾವೇರಿಗೆ ಬಂದ್ವಲ್ಲ?’

ನಾನು ಹೇಗೆ ಮರೆಯಲಿ? ಸ್ವೀಡನ್ನಿನಲ್ಲಿ ಆಸ್ಪತ್ರೆ ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರೂ, ಚೊಚ್ಚಲು ಅಕ್ಕನ ಮನೆಯಲ್ಲೇ ಆಗಬೇಕು ಎಂದು ಬಂದವಳು. ಅವ್ವ ಆಗಲೇ ಇರಲಿಲ್ಲ. ನಾನು ರೊಟ್ಟಿ, ಎಣ್ಣೆಗಾಯಿ ಮಾಡಿಕೊಂಡು ಮಧ್ಯಾಹ್ನದಿಂದ ಬಾಗಿಲು ಕಾದೆ. ಕತ್ತಲಾಗುವಾಗ ಬಂದರು. ವಿಮಾನ ತಡವಾಯಿತು ಅಂದಳು. ರೊಟ್ಟಿ ಬಡಿದ ಕೈಯಲ್ಲೇ ದೃಷ್ಟಿ ತೆಗೆದಿದ್ದೆ.

‘ಫ್ಲೈಟ್ ಲೇಟ್ ಆಗಿರ್ಲಿಲ್ಲ ಅಕ್ಕ. ಹುಬ್ಬಳ್ಳೀಲಿ ಇಳಿದು ಮೊದಲು ಅವರ ಮನೆಗೆ ಹೋದ್ವಿ.’

‘ಆ ಮನಷ್ಯಾನ ಮನಿಗೆ?’ ಅಂದೆ.

‘ಅವರು ಟೀವಿ ನೋಡ್ತಿದ್ರು. ರೇಷ್ಮಾ ಸೋಫಾ ತುದೀಲಿ ಕೂತಿದ್ಲು. ಅವರ ಹೆಂಡತಿ ಚಹಾ ತಂದ್ಕೊಟ್ರು, ಎಷ್ಟು ತಿಂಗಳು ಅಂತ ಕೇಳಿದ್ರು. ಅವರು ಏನೂ ಕೇಳ್ಲಿಲ್ಲ. ಕಪ್ ಖಾಲಿ ಆದ್ಮೇಲೆ, ಹಾವೇರಿಗೆ ಹೋಗ್ಬೇಕಲ್ಲ, ಹೊತ್ತಾಗ್ತೈತಿ, ಹೊಂಡ್ರಿ ಅಂದ್ರು. ಅಷ್ಟೇ.’

‘ಅಷ್ಟ?’

‘ಕಾರಲ್ಲಿ ಒಂದೇ ಮಾತು ಕೇಳಿದ್ಲು. ನನ್ನ ಮೂಗು ಅವರದೇ ಅಲ್ವಾ ಅಂತ.’

‘ಗಾಡಿ ನಿಲ್ಲಸು’ ಅಂದೆ.

‘ಅಕ್ಕ, ಇದು ಹೈವೇ, ಇಲ್ಲಿ ನಿಲ್ಲಿಸೋ ಹಾಗಿಲ್ಲ.’

‘ನಿಮ್ಮ ರೂಲ್ಸಿಗೆ ಬೆಂಕಿ ಹಚ್ಚು!’

ಆಯಿಷಾ ಎಚ್ಚೆತ್ತು ಅಳತೊಡಗಿದಳು. ಇಮ್ತಿಯಾಜ್ ಮುಂದಿನ ಪೆಟ್ರೋಲ್ ಬಂಕಿನವರೆಗೆ ಓಡಿಸಿಯೇ ನಿಲ್ಲಿಸಿದ. ನಾನು ಇಳಿದು ಬಂಕಿನ ಹಿಂದೆ ಹೋಗಿ ನಿಂತೆ. ಪಕ್ಕದಲ್ಲಿ ಕಾರಿನ ಚಕ್ರಕ್ಕೆ ಗಾಳಿ ತುಂಬುತ್ತಿದ್ದ ಹುಡುಗಿಯೊಬ್ಬಳು ನನ್ನನ್ನು ನೋಡಿ ಬೇರೆ ಕಡೆ ತಿರುಗಿದಳು. ಜಾಗ ಕೊಟ್ಟಳು. ಈ ಸಲ ಅದು ಬೇಕಾಗಿತ್ತು.

ಖಬರಸ್ತಾನ

ಮರುದಿನ ಬೆಳಿಗ್ಗೆ ರೇಷ್ಮಾಳ ಬಳಿ ಹೋದೆವು. ಊರಿನ ದೊಡ್ಡ ಸ್ಮಶಾನದಲ್ಲೇ ಮುಸಲ್ಮಾನರಿಗೆಂದು ಒಂದು ಭಾಗ, ಮಕ್ಕಾದ ದಿಕ್ಕಿಗೆ ಓರೆಯಾಗಿ. ನಮ್ಮ ಖಬರಸ್ತಾನದಲ್ಲಿ ಆಡು ಮೇಯುತ್ತವೆ, ಜಾಲಿ ಮುಳ್ಳು ಸೆರಗು ಹಿಡಿಯುತ್ತದೆ, ಒಳಗೆ ಮಲಗಿದವರಿಗೆ ಜನರ ಮಾತು ಕೇಳುತ್ತದೆ. ಇಲ್ಲಿ ಹಸಿರು ನೀರಿನ ಕ್ಯಾನುಗಳು ಕೊಕ್ಕೆಗೆ ಸಾಲಾಗಿ ತೂಗುತ್ತಿದ್ದವು. ಬಂದವರು ಒಂದನ್ನು ತೆಗೆದು, ಗಿಡಕ್ಕೆ ನೀರು ಹಾಕಿ, ಅದೇ ಕೊಕ್ಕೆಗೆ ತೂಗು ಹಾಕಿ ಹೋಗುತ್ತಿದ್ದರು. ಯಾರೂ ಕದಿಯುವುದಿಲ್ಲ. ಯಾರೂ ಮಾತಾಡುವುದಿಲ್ಲ.

ಕಲ್ಲು ಇನ್ನೂ ಇಲ್ಲದ ಕಾರಣ ಒಂದು ಮರದ ಹಲಗೆ ಚುಚ್ಚಿದ್ದರು. ಅದರಲ್ಲಿ ಅವಳ ಹೆಸರು ಮಾತ್ರ ಇತ್ತು. ಯಾರ ಮಗಳು, ಯಾರ ಹೆಂಡತಿ, ಯಾರ ತಾಯಿ, ಏನೂ ಇರಲಿಲ್ಲ.

ಇಮ್ತಿಯಾಜ್ ದುವಾ ಓದಿ, ಆಯಿಷಾಳನ್ನು ಕರೆದುಕೊಂಡು ಕ್ಯಾನು ತರಲು ಹೋದ. ನಾನು ಮಣ್ಣಿನ ಪಕ್ಕ ಕೂತೆ. ಅವಳ ಆತ್ಮಕ್ಕೆ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳಬೇಕಿತ್ತು. ನನ್ನ ಬಾಯಲ್ಲಿ ಬೈಗುಳವೇ ಬಂತು.

ನಿನಗೆ ನಾನು ಸಾಲಲಿಲ್ಲವೇನೇ? ರಾತ್ರಿಯೆಲ್ಲ ದೀಪದ ಹತ್ತಿರ ಕೂತು ಹತ್ತಿ ತುಂಬಿ ತುಂಬಿ ಅವ್ವ ಕೆಮ್ಮಿ ಸತ್ತಳಲ್ಲ, ಅವಳು ಸಾಲಲಿಲ್ಲವೇನೇ? ನಿನ್ನ ಕಾಲೇಜಿನ ಬಸ್ಸು ಹೊರಡುವ ಮೊದಲು ಬುತ್ತಿ ಕಟ್ಟಿದವರು ಯಾರು? ನನ್ನನ್ನು ಬಾಗಿಲಲ್ಲಿ ಕಾಯಿಸಿ, ಆ ಟೀವಿಯ ಮುಂದೆ ಹೋಗಿ ಕೂತೆ. ಅವನ ಚಹಾ ಕುಡಿದೆ. ನನ್ನ ರೊಟ್ಟಿ ತಿನ್ನುವಾಗ ಸುಳ್ಳು ಹೇಳಿದೆ. ಆಮೇಲೆ ಸಮುದ್ರದಾಚೆ ಕೂತು, ಎಂದೋ ಸತ್ತ ಯಾವಳದೋ ಅಪ್ಪನನ್ನು ಹುಡುಕಿದೆ. ನನ್ನ ಮುಂದೆ ಒಂದೇ ಒಂದು ಸಲ, ಅಕ್ಕ, ನನಗೆ ಅಪ್ಪ ಬೇಕು ಅಂದಿದ್ದರೆ ಆಗುತ್ತಿರಲಿಲ್ಲವೇ?

ಅಂದಿದ್ದರೆ ನಾನು ಏನು ಮಾಡುತ್ತಿದ್ದೆ ಅನ್ನುವುದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅದಕ್ಕೇ ಅನ್ನಲಿಲ್ಲ. ಅದನ್ನು ನೆನೆದು ಸಿಟ್ಟು ಇನ್ನೂ ಹೆಚ್ಚಾಯಿತು. ಸತ್ತವರ ಮೇಲಿನ ಸಿಟ್ಟಿನಷ್ಟು ಕೆಲಸಕ್ಕೆ ಬಾರದ್ದು ಬೇರೆ ಇಲ್ಲ. ಹೊಡೆಯಲು ಆಗುವುದಿಲ್ಲ, ಮಾತು ಬಿಡಲು ಆಗುವುದಿಲ್ಲ, ಸಂಜೆ ರಾಜಿಯಾಗಲೂ ಆಗುವುದಿಲ್ಲ.

ಒಂದು ಮಾತಂತೂ ಸ್ಪಷ್ಟವಾಗಿತ್ತು. ನಾನು ಸ್ವೀಡನ್ನಿಗೆ ಬಂದದ್ದು ಅವಳ ಪರವಾಗಿ ಜಗಳಾಡಲು. ಅವಳು ತನ್ನ ಪರವಾಗಿ ತಾನೇ ಜಗಳಾಡಿ ಮುಗಿಸಿದ್ದಳು, ಅಷ್ಟು ಜನ ಪರದೇಶದವರ ಮುಂದೆ, ನಗೆಗೀಡಾಗಿ. ಅವಳು ನಿಂತದ್ದು ಒಂದು ಕಡೆ, ನಾನು ನಿಂತದ್ದು ಇನ್ನೊಂದು ಕಡೆ. ಈಗ ಆ ಹೆಸರನ್ನು ತೆಗೆಸಿದರೆ, ಉಳಿ ಹಿಡಿದವಳು ನಾನೇ ಆಗುತ್ತೇನೆ.

ಇಮ್ತಿಯಾಜ್ ನೀರು ತಂದ. ‘ಹಾಕಸು’ ಅಂದೆ.

‘ಏನಕ್ಕ?’

‘ಆ ಮನಷ್ಯಾನ ಹೆಸರು. ಹಾಕಸು. ಆದ್ರ ಅವ್ವನ ಹೆಸರು ಮ್ಯಾಲೆ ಇರಬೇಕು. ಅಕ್ಷರ ಒಂದ ಅಳತಿ ಇರಬೇಕು.’

‘ತಾಯಿ ಹೆಸರು ಹಾಕೋದು ಇಲ್ಲಿ ನಮ್ಮೋರಲ್ಲಿ ಅಷ್ಟಾಗಿ...’

ನಾನು ಅವನ ಮುಖ ನೋಡಿದೆ. ‘ಹಾಕಿಸ್ತೀನಿ’ ಅಂದ.

ಶುಕ್ರವಾರ

ನಮಾಜು ಮುಗಿಸಿ ಇಮ್ತಿಯಾಜ್ ಮನೆಗೆ ಬಂದ ಸ್ವಲ್ಪ ಹೊತ್ತಿಗೆ ಅವನ ಫೋನು ರಿಂಗಾಯಿತು. ವೀಡಿಯೊ. ಇಮ್ತಿಯಾಜ್ ನನ್ನನ್ನು ನೋಡಿದ. ನಾನು ಕೈ ಚಾಚಿದೆ.

ಅವನ ಮುಖ ನೋಡಿ ಎಷ್ಟೋ ಕಾಲವಾಗಿತ್ತು. ಹಲ್ಲು ಹೋಗಿದ್ದವು. ಮೂಗು ಹಾಗೇ ಇತ್ತು.

‘ಮಹಬೂಬಿ? ನೀ ಯಾವಾಗ ಹ್ವಾದಿ ಅಲ್ಲಿಗೆ? ಆರಾಮ ಅದಿಯೇನವ್ವ?’

‘ಕಲ್ಲಿನ ಮಾತು ಆಡು.’

‘ಏನ ಬರಸ್ತೀರಿ?’

‘ಇಮಾಂಬಿ, ಹುಸೇನಸಾಬ ಇವರ ಮಗಳು ರೇಷ್ಮಾ ಅಂತ.’

ಅವನು ಕಣ್ಣೊರೆಸಿಕೊಂಡ. ಆಮೇಲೆ, ಸ್ವಲ್ಪ ಯೋಚಿಸಿ, ‘ತಂದಿ ಹೆಸರು ಮದಲ ಬರತೈತವಾ. ಪದ್ಧತಿ ಹಂಗೈತಿ’ ಅಂದ.

ಇಮ್ತಿಯಾಜ್ ಕುರ್ಚಿಯಿಂದ ಅರ್ಧ ಎದ್ದ. ನನ್ನ ದನಿ ಮಾತ್ರ ಏರಲಿಲ್ಲ. ಅದು ನನಗೇ ಆಶ್ಚರ್ಯ.

‘ಪದ್ಧತಿ ಮಾತು ನೀ ಆಡಬ್ಯಾಡ. ತುಂಬಿದ ಬಸರಿ ನಿನ್ನ ಬಾಗಲಕ ಬಂದಿದ್ಲು. ಆಕಿ ಕೈಗೆ ಒಂದು ಬಳಿ ಇಡಸಲಿಲ್ಲ. ಉಣ್ಣು ಅನಲಿಲ್ಲ. ಇರು ಅನಲಿಲ್ಲ. ಹೊತ್ತಾಗ್ತೈತಿ ಹೊಂಡು ಅಂದಿ. ಅದು ಯಾವ ಪದ್ಧತಿ?’

‘ನನಗ ಬಾಯಿ ಬರಲಿಲ್ಲ ಮಹಬೂಬಿ. ನಾಚಿಗಿ ಆತು.’

‘ಆಕಿಗೆ ನಾಚಿಗಿ ಆಗಲಿಲ್ಲ ನೋಡು. ಬಂದ್ಲು. ನಿನ್ನ ಹೆಸರು ಕಲ್ಲಿಗೆ ಹಾಕಿಸಾಕತ್ತಿದ್ದು ನಾನಲ್ಲ, ಆಕಿ. ನನಗ ಸಲಾಂ ಹೇಳಬ್ಯಾಡ.’

ಅವನು ಏನೋ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಆಯಿಷಾ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ಫೋನಿನೊಳಗೆ ನೋಡಿದಳು. ಅವಳನ್ನು ಕಂಡು ಮುದುಕ ಫೋನನ್ನು ಮುಖದ ಹತ್ತಿರ ತಂದ. ಅವಳು ಮೊದಲು ಸ್ವೀಡಿಷ್‌ನಲ್ಲಿ ಏನೋ ಕೇಳಿದಳು. ನನಗೆ ತಿಳಿಯದೆಂದು ಗೊತ್ತಾಗಿ ಕನ್ನಡದಲ್ಲಿ ಕೇಳಿದಳು.

‘ದೊಡ್ಡಮ್ಮ, ಇವ್ರು ಯಾರು?’

ನಮ್ಮ ಮನೆಯಲ್ಲಿ ಅವನಿಗೆ ‘ಅವನು’ ಅನ್ನುತ್ತಿದ್ದೆವು. ‘ಹುಬ್ಬಳ್ಳಿಯವನು’ ಅನ್ನುತ್ತಿದ್ದೆವು. ಅವ್ವ ಸಾಯುವವರೆಗೂ ಅಷ್ಟೇ ಅಂದಳು. ರೇಷ್ಮಾ ಚಿಕ್ಕವಳಿದ್ದಾಗ ಅವನ ಹಳೆಯ ಫೋಟೊ ಎತ್ತಿಕೊಂಡು ಬಂದು ನನ್ನನ್ನು ಇದೇ ಮಾತು ಕೇಳಿದ್ದಳು. ನಾನು ಅದನ್ನು ಕಸಿದು ಒಲೆಗೆ ಹಾಕಿದ್ದೆ. ಯಾರೂ ಅಲ್ಲ ಅಂದಿದ್ದೆ. ಅದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಅಂದು ಮನೆಯಲ್ಲಿ ಉಣ್ಣಲು ಏನೂ ಇರಲಿಲ್ಲ.

ಫೋನಿನಲ್ಲಿ ಅವನು ಕಾಯುತ್ತಿದ್ದ. ಇಮ್ತಿಯಾಜ್ ಕಾಯುತ್ತಿದ್ದ. ಮಗು ನನ್ನ ತೋಳು ಅಲುಗಿಸಿತು.

‘ಯಾರು ದೊಡ್ಡಮ್ಮ?’

‘ನಿಮ್ಮಮ್ಮನ ಅಪ್ಪ’ ಅಂದೆ. ಫೋನನ್ನು ಅವಳ ಕೈಗೆ ಕೊಟ್ಟು ಎದ್ದು ಹೋದೆ.